ಅಚ್ಚು ಮತ್ತು ಕಡಾಣಿ
(ಬಾನುಲಿ ಭಾಷಣ)

ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿ ನಿವೃತ್ತನಾದ ಮೇಷ್ಟರೊಬ್ಬರು ಮೋಟಾರು ಗಾಡಿಯ ಅಚ್ಚಿನ ವಿಚಾರವಾಗಿ ಮಾತನಾಡಲು ಹೊರಟರೆ ನಿಮಗೆ ಸಂಶಯ ಹುಟ್ಟುವುದು ಸಹಜ. ಈ ವಿದ್ಯೆ ನಾನು ಬಯಸಿ ಪಡೆದುದಲ್ಲ. 2022ರ ಡಿಸೆಂಬರಿನ ಒಂದು ಸಂಜೆ, ಕೊಪ್ಪದ ಕಡೆಯ ಒಂದು ಇಳಿಜಾರಿನಲ್ಲಿ, ನಮ್ಮ ಜೀಪಿನ ಹಿಂದಿನ ಎಡಚಕ್ರ ಕಳಚಿಕೊಂಡು ನಮ್ಮನ್ನೇ ಹಿಂದೆ ಹಾಕಿ ಮುಂದಕ್ಕೆ ಉರುಳಿಹೋಯಿತು. ಅಂದಿನಿಂದ ಈ ವಿದ್ಯೆಯೇ ನನ್ನನ್ನು ಹುಡುಕಿಕೊಂಡು ಬಂದಿತು.

ಆ ಜೀಪನ್ನು ನನ್ನ ತಂದೆಯವರು 1968ರಲ್ಲಿ ಕೊಂಡರು. ಮಹೀಂದ್ರಾ ಕಂಪನಿಯವರು ಅಮೆರಿಕದ ವಿಲ್ಲೀಸ್ ಕಂಪನಿಯ ಒಪ್ಪಂದದ ಮೇಲೆ ಇಲ್ಲಿ ತಯಾರಿಸುತ್ತಿದ್ದ, ಸಿಜೆ-3ಬಿ ಎಂಬ ಮಾದರಿಯ ಗಾಡಿ ಅದು. ಮೂಗು ಎತ್ತರ, ನಡೆ ಒರಟು. ಅದರೊಳಗಿನ ಹರಿಕೇನ್ ಎಂಬ ಎಂಜಿನ್ನು ಹಳೆಯ ಎಂಜಿನ್ನಿಗಿಂತ ಎತ್ತರವಾಗಿದ್ದುದರಿಂದ ಮೂಗನ್ನೂ ಎತ್ತರಿಸಬೇಕಾಯಿತಂತೆ. ತೋಟಕ್ಕೆ ಗೊಬ್ಬರ ಹೊತ್ತು, ಪೇಟೆಗೆ ಕಾಫಿ ಹೊತ್ತು, ಒಮ್ಮೆ ಮದುವಣಗಿತ್ತಿಯನ್ನೂ ಹೊತ್ತು, ಕೊನೆಗೆ ಕೊಟ್ಟಿಗೆಯ ಮೂಲೆ ಸೇರಿತ್ತು. ನನ್ನ ತಂಗಿಯ ಮಗ ಅದನ್ನು ಎಬ್ಬಿಸಿ ನಿಲ್ಲಿಸಿದ. ಅವನಿಗೆ ಅದು ಹವ್ಯಾಸ; ನನಗೆ ತಂದೆಯವರ ನೆನಪು. ವಾರಕ್ಕೊಮ್ಮೆ ರಸ್ತೆಗಿಳಿಯುವ ಗಾಡಿ. ಇಂಥ ಗಾಡಿಗಳು ಈಗ ನಮ್ಮ ನಾಡಿನಲ್ಲಿ ಬಹಳ ಇವೆ. ದುಡಿಯುವ ಗಾಡಿಯನ್ನು ಒಡೆಯ ದಿನವೂ ನೋಡುತ್ತಾನೆ; ಲಾರಿಯ ಡ್ರೈವರನಿಗೆ ಅದರ ಒಂದು ಹೊಸ ಸದ್ದು ಸಾಕು. ಹವ್ಯಾಸದ ಗಾಡಿಯ ತೊಡಕೆಂದರೆ, ಅದರ ಬಣ್ಣವನ್ನು ನೋಡುವಷ್ಟು ಅದರ ಅಡಿಯನ್ನು ಯಾರೂ ನೋಡುವುದಿಲ್ಲ.

ಆ ಸಂಜೆಯ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಳಿಯ ನಡೆಸುತ್ತಿದ್ದ, ನಾನು ಪಕ್ಕದಲ್ಲಿದ್ದೆ, ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳು. ವೇಗ ಹೆಚ್ಚಿರಲಿಲ್ಲ. ಹಿಂದೆ ಒಂದು ಟಕ್ಕೆಂಬ ಸದ್ದು, ಗಾಡಿಯ ಎಡಮೂಲೆ ಕುಸಿಯಿತು. ಅಳಿಯ ಬ್ರೇಕು ತುಳಿದ. ಪೆಡಲು ನೆಲಕ್ಕೆ ತಾಗಿತು. ಹ್ಯಾಂಡ್‌ಬ್ರೇಕು ಎಳೆದ, ಅದೂ ಹಿಡಿಯಲಿಲ್ಲ. ಅಷ್ಟರಲ್ಲಿ ಚಕ್ರವೊಂದು ನಮ್ಮ ಎಡಗಡೆಯಿಂದ ಮುಂದೆ ಹೋಗುತ್ತಿರುವುದು ಕಾಣಿಸಿತು. "ಮಾವ, ಅದು ನಮ್ಮದೇ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಬಲಕ್ಕೆ ಕಣಿವೆ, ಎಡಕ್ಕೆ ದರೆ. ಅವನು ಗಾಡಿಯನ್ನು ದರೆಗೆ ಉಜ್ಜಿ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಚಕ್ರ ಮುನ್ನೂರು ಮಾರು ಕೆಳಗೆ ಒಂದು ಕಾಫಿಗಿಡದ ಬುಡದಲ್ಲಿ ಒರಗಿಕೊಂಡಿತ್ತು.

ಒಂದು ಚಕ್ರ ಹೋದರೆ ಬ್ರೇಕುಗಳೆಲ್ಲ ಏಕೆ ಹೋಗಬೇಕು? ಮರುದಿನ ನಮ್ಮೂರಿನ ಹಳೆಯ ಮೇಸ್ತ್ರಿಯೊಬ್ಬರು ಇದನ್ನು ನನಗೆ ಬಿಡಿಸಿ ಹೇಳಿದರು. ಅವರ ವಿವರಣೆಗೆ ಯಾವ ಪಠ್ಯಪುಸ್ತಕವೂ ಸಮನಲ್ಲ. "ಮೇಷ್ಟ್ರೇ, ಚಕ್ರ ಒಂಟಿಯಾಗಿ ಹೋಗಲಿಲ್ಲ. ಡ್ರಮ್ಮನ್ನೂ ಕರಕೊಂಡು ಹೋಯ್ತು" ಎಂದರು. ಡ್ರಮ್ಮು ಹೋದ ಮೇಲೆ ಬ್ರೇಕಿನ ಲೈನಿಂಗುಗಳಿಗೆ ತಡೆ ಇಲ್ಲ. ಪೆಡಲು ತುಳಿದೊಡನೆ ಅಲ್ಲಿಯ ಸಿಲಿಂಡರಿನ ಪಿಸ್ಟನ್ನುಗಳು ಹೊರಕ್ಕೆ ಚಿಮ್ಮಿ, ಬ್ರೇಕಿನ ಎಣ್ಣೆಯೆಲ್ಲ ರಸ್ತೆಗೆ ಸುರಿಯುತ್ತದೆ. ಆ ಕಾಲದ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಬರಿದು. ಇನ್ನು ಹ್ಯಾಂಡ್‌ಬ್ರೇಕು ಈ ಜೀಪಿನಲ್ಲಿ ಚಕ್ರದ ಮೇಲೆ ಇಲ್ಲವೇ ಇಲ್ಲ. ಅದು ಗೇರ್‌ಬಾಕ್ಸಿನ ಹಿಂದೆ, ಪ್ರೊಪೆಲರ್ ಶಾಫ್ಟಿನ ತಲೆಯಲ್ಲಿದೆ. ಶಾಫ್ಟನ್ನು ಅದು ಹಿಡಿದರೂ, ಹಿಂದಿನ ಡಿಫರೆನ್ಷಿಯಲ್ಲಿನ ಒಂದು ಕೈ ಮುರಿದಿರುವಾಗ ಆ ಹಿಡಿತ ಉಳಿದ ಚಕ್ರಕ್ಕೆ ತಲುಪುವುದಿಲ್ಲ. ಮುರಿದ ಕಡೆಯ ತುಂಡು ಬಿಟ್ಟಿ ತಿರುಗಿಕೊಂಡಿರುತ್ತದೆ. ಮುಂದಿನ ಚಕ್ರಗಳಿಗೂ ಎಂಜಿನ್ನಿನ ಸಂಬಂಧ ಕೊಡುವ ಗೇರನ್ನು ಮೊದಲೇ ಹಾಕಿದ್ದಿದ್ದರೆ ಗಾಡಿ ಹಿಡಿದುಕೊಳ್ಳುತ್ತಿತ್ತು ಎಂದು ಮೇಸ್ತ್ರಿ ಸೇರಿಸಿದರು. ಡಾಂಬರು ರಸ್ತೆಯಲ್ಲಿ ಅದನ್ನು ಯಾರೂ ಹಾಕಿಕೊಂಡು ಹೋಗುವುದಿಲ್ಲ, ಹೋಗಲೂಬಾರದು. ಅಂತೂ ಮುರಿದದ್ದು ಒಂದೇ ಒಂದು ಕಬ್ಬಿಣದ ಸರಳು; ಅದರ ಜೊತೆಗೆ ಹೋದದ್ದು ಚಕ್ರ, ಕಾಲುಬ್ರೇಕು, ಕೈಬ್ರೇಕು ಮೂರೂ.

ಆ ಸರಳಿನ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಶಾಸನಗಳನ್ನು ಓದಿ ಅಭ್ಯಾಸವಾದ ಕಣ್ಣು ನನ್ನದು. ಮುರಿದ ಮುಖದಲ್ಲಿಯೂ ಒಂದು ಲಿಪಿ ಇದೆಯೆಂದು ತಿಳಿದುದು ಆಗ. ಮುಖದ ಮುಕ್ಕಾಲು ಭಾಗ ನುಣುಪಾಗಿ, ಕಂದು ಹಿಡಿದು, ಒಂದು ಅಂಚಿನಿಂದ ಒಳಕ್ಕೆ ಅರ್ಧಚಂದ್ರಾಕಾರದ ಗೆರೆಗಳು ಒಂದರ ಹಿಂದೊಂದು ಹಬ್ಬಿವೆ. ಕೆರೆಯ ನೀರು ಇಳಿದ ಮೇಲೆ ದಡದಲ್ಲಿ ಉಳಿಯುವ ಗೆರೆಗಳ ಹಾಗೆ. ಉಳಿದ ಕಾಲು ಭಾಗ ಮಾತ್ರ ಹೊಳೆಯುವ ಒರಟು. ಇದರ ಅರ್ಥವಿಷ್ಟು: ಸರಳು ಆ ಸಂಜೆ ಮುರಿಯಲಿಲ್ಲ. ಬಹಳ ಹಿಂದೆ ಎಲ್ಲೋ ಒಂದು ಕೂದಲಿನಷ್ಟು ಬಿರುಕು ಹುಟ್ಟಿ, ಚಕ್ರ ತಿರುಗಿದಂತೆಲ್ಲ ಇಷ್ಟಿಷ್ಟೇ ಒಳಸರಿದು, ಉಳಿದ ಕಾಲುಭಾಗ ನಮ್ಮ ಭಾರವನ್ನು ತಾಳಲಾರದೆ ಹೋದ ಗಳಿಗೆ ಮಾತ್ರ ಆ ಸಂಜೆಯದು. ಲೋಹದ ದಣಿವು ಎಂದು ಎಂಜಿನಿಯರುಗಳು ಇದನ್ನು ಕರೆಯುತ್ತಾರೆ. ಮುಕ್ಕಾಲು ಮುರಿದ ಅಚ್ಚಿನ ಮೇಲೆ ನಾವು ಎಷ್ಟು ತಿಂಗಳು ಮಗುವನ್ನು ಕೂರಿಸಿಕೊಂಡು ತಿರುಗಾಡಿದೆವೋ!

ಬಿರುಕು ಹುಟ್ಟಿದ್ದು ಎಲ್ಲಿ ಎಂಬುದನ್ನೂ ಅದೇ ಮುಖ ಹೇಳುತ್ತದೆ. ಈ ಜೀಪಿನ ಹಿಂದಿನ ಅಚ್ಚಿನ ತುದಿ ಕ್ಯಾರೆಟ್ಟಿನ ಹಾಗೆ ಸಪೂರವಾಗುತ್ತ ಹೋಗುತ್ತದೆ. ಅದರ ಮೇಲೆ ಹಬ್ಬು ಬಿಗಿಯಾಗಿ ಕೂರುತ್ತದೆ, ನಡುವೆ ಒಂದು ಕೀ, ತುದಿಯಲ್ಲಿ ನಟ್ಟು. ತಿರುಗುವ ಬಲವನ್ನು ದಾಟಿಸಬೇಕಾದುದು ಮುಖ್ಯವಾಗಿ ಆ ಬಿಗಿತ, ಕೀ ಅಲ್ಲ. ನಟ್ಟು ಸಡಿಲವಾದರೆ ಭಾರವೆಲ್ಲ ಕೀಯ ಮೇಲೆ ಬೀಳುತ್ತದೆ. ಕೀ ಕೂರುವ ಗಾಡಿಯ ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ. ನಮ್ಮದು ಹುಟ್ಟಿದ್ದು ಅಲ್ಲಿಯೇ. ಆ ಶಾಫ್ಟು ಹಳೆಯದಲ್ಲ. ಎರಡು ವರ್ಷದ ಹಿಂದೆ ಹೊಸದಾಗಿ ಕೊಂಡದ್ದು. ಅಂಗಡಿಯವರು 'ಒರಿಜಿನಲ್' ಎಂದು ಹೇಳಿ ಕೊಟ್ಟರು. ಪೆಟ್ಟಿಗೆಯ ಮೇಲೂ ಹಾಗೆಯೇ ಅಚ್ಚಾಗಿತ್ತು. ಶಾಫ್ಟಿನ ಮೇಲೆ ಮಾತ್ರ ಒಂದು ಅಕ್ಷರವೂ ಇರಲಿಲ್ಲ, ಅದನ್ನು ನಾವು ನೋಡಲೂ ಇಲ್ಲ. ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅದೇ ವರ್ಷ ಅಳಿಯ ಅಗಲವಾದ ಟಯರುಗಳನ್ನೂ, ಚಕ್ರವನ್ನು ಹೊರಕ್ಕೆ ಚಾಚುವ ಹೊಸ ರಿಮ್ಮುಗಳನ್ನೂ ಹಾಕಿಸಿದ್ದ. ಚಕ್ರ ಹೊರಚಾಚಿದಷ್ಟೂ ಅಚ್ಚನ್ನು ಬಗ್ಗಿಸುವ ಭಾರ ಹೆಚ್ಚುತ್ತದೆ. ಆ ರಿಮ್ಮುಗಳ ಹಣ ಕೊಟ್ಟವನು ನಾನು. ಚೆನ್ನಾಗಿ ಕಾಣುತ್ತವೆ ಎಂದೂ ಹೇಳಿದ್ದೆ.

ಈ ಸಂಗತಿಯಾದ ಮೇಲೆ ಅಳಿಯನಿಗೆ ಹೊಸ ಹುರುಪು ಬಂದಿತು. ಇನ್ನು ಮೇಲೆ ಸುರಕ್ಷತೆಯ ಮುದ್ರೆಯಿರುವ ಭಾಗಗಳನ್ನೇ ಹಾಕುವುದೆಂದು ತೀರ್ಮಾನಿಸಿ, ಅಮೆರಿಕದಿಂದ ಒಂದು ಉಕ್ಕಿನ ಫ್ಲೈವೀಲನ್ನೂ, ಕ್ಲಚ್ಚಿನ ಸುತ್ತಿನ ಉಕ್ಕಿನ ಕವಚವನ್ನೂ ತರಿಸುವ ಯೋಚನೆ ಹಾಕಿದ. ಅವುಗಳ ಮೇಲೆ ಎಸ್.ಎಫ್.ಐ. ಎಂಬ ಗುರುತು ಇರುತ್ತದೆ. ಆ ಗುರುತಿನ ಅರ್ಥವೇನೆಂದು ನಾನು ಕೇಳಿದೆ. "ಸೇಫ್ ಅಂತ ಮಾವ" ಎಂದ. ಅರ್ಥವನ್ನು ಇಷ್ಟು ಸಂಕ್ಷೇಪವಾಗಿ ಹೇಳುವ ವಿದ್ಯಾರ್ಥಿಗಳಿಗೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ. ಆದುದರಿಂದ ನಾನೇ ಓದಲು ಕುಳಿತೆ.

ಈ ಗುರುತು ಹುಟ್ಟಿದ್ದು ಅಮೆರಿಕದ ಹವ್ಯಾಸಿಗಳ ಲೋಕದಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯ ತರುಣರು ಹಳೆಯ ಕಾರುಗಳಿಗೆ ದೊಡ್ಡ ಎಂಜಿನ್ನು ಕೂರಿಸಿ, ರಸ್ತೆಯಲ್ಲಿ ಓಡಿಸುವುದಲ್ಲದೆ, ಕಾಲು ಮೈಲಿಯ ನೇರ ದಾರಿಯಲ್ಲಿ ಪಂದ್ಯ ಕಟ್ಟಿ ಓಡಿಸತೊಡಗಿದರು. ಬೀದಿಯ ಈ ಹುಚ್ಚನ್ನು ಒಂದು ಕಟ್ಟಿಗೆ ತರಲೆಂದು ವಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ಎನ್.ಎಚ್.ಆರ್.ಎ. ಎಂಬ ಸಂಘವನ್ನು ಕಟ್ಟಿದರು. ಅಂಥ ಗಾಡಿಗಳಲ್ಲಿ ಮೊದಲು ಸಿಡಿಯುತ್ತಿದ್ದುದು ಫ್ಲೈವೀಲು ಮತ್ತು ಕ್ಲಚ್ಚು. ಅದರ ಕಾರಣ ಸರಳವಾದ ಲೆಕ್ಕ. ಒಂದಡಿ ಅಡ್ಡಳತೆಯ ಗಾಲಿಯೊಂದು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 345 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಸುತ್ತು ಎರಡರಷ್ಟಾದರೆ ಅದನ್ನು ಸೀಳುವ ಬಲ ನಾಲ್ಕರಷ್ಟಾಗುತ್ತದೆ. 4000 ಸುತ್ತಿಗೆಂದು ಮಾಡಿದ ಗಾಲಿಯನ್ನು 6000ಕ್ಕೆ ತಿರುಗಿಸಿದರೆ ಎರಡೂಕಾಲು ಪಟ್ಟು. ಹಳೆಯ ಗಾಡಿಗಳ ಫ್ಲೈವೀಲು ಎರಕದ ಕಬ್ಬಿಣದ್ದು. ಎರಕದ ಕಬ್ಬಿಣ ಬಾಗಿ ಎಚ್ಚರಿಸುವುದಿಲ್ಲ. ಮಡಕೆಯ ಹಾಗೆ ಒಡೆಯುತ್ತದೆ. ಕ್ಲಚ್ಚು ಜಾರಿ ಜಾರಿ ಕಾದ ಗಾಲಿಯ ಮೇಲೆ ಸಣ್ಣ ಬಿರುಕುಗಳು ಮೊದಲೇ ಇರುತ್ತವೆ. ಅದು ಸಿಡಿದರೆ ಚೂರುಗಳು ಹೋಗುವ ದಾರಿಯಲ್ಲಿರುವುದು ನಡೆಸುವವನ ಕಾಲುಗಳು.

1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಬಳಿಯ ಲಯನ್ಸ್ ಪಂದ್ಯದ ಹಾದಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಓಟಗಾರನ ಗಾಡಿಯ ಗೇರ್‌ಬಾಕ್ಸು ಹೊರಟ ಕ್ಷಣದಲ್ಲಿಯೇ ಸಿಡಿಯಿತು. ಗಾಡಿ ಎರಡು ತುಂಡಾಯಿತು. ಅವನ ಬಲಪಾದದ ಒಂದು ಭಾಗ ಕತ್ತರಿಸಿಹೋಯಿತು. ಆಗಿನ ಆ ಗಾಡಿಗಳಲ್ಲಿ ನಡೆಸುವವನು ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸಿಗೆ ಕಾಲು ಕೊಟ್ಟಂತೆ ಕೂರುತ್ತಿದ್ದ. ಆಸ್ಪತ್ರೆಯಿಂದ ಹೊರಬಂದ ಗಾರ್ಲಿಟ್ಸ್ ಇನ್ನೂ ಗಟ್ಟಿಯಾದ ಗೇರ್‌ಬಾಕ್ಸನ್ನು ಹುಡುಕುವುದಕ್ಕೆ ನಿಲ್ಲಲಿಲ್ಲ. ಎಂಜಿನ್ನನ್ನೇ ತನ್ನ ಬೆನ್ನಿನ ಹಿಂದಕ್ಕೆ ಹಾಕಿ ಹೊಸ ಗಾಡಿ ಕಟ್ಟಿದ. 1971ರಲ್ಲಿ ಅದರಲ್ಲಿಯೇ ಗೆದ್ದ. ಸ್ವಲ್ಪ ಕಾಲದಲ್ಲಿ ಆ ವರ್ಗದ ಗಾಡಿಗಳೆಲ್ಲ ಅದೇ ರೀತಿಯವಾದವು. ಮುರಿಯದಂತೆ ಮಾಡುವುದು ಒಂದು ದಾರಿ. ಮುರಿದರೂ ತನಗೆ ತಾಗದಂತೆ ಮಾಡುವುದು ಇನ್ನೊಂದು. ಈ ಎರಡನೆಯ ದಾರಿಯನ್ನು ಅವನು ಹಿಡಿದುದು ನನಗೆ ಬಹಳ ಹಿಡಿಸಿತು. ಇದಕ್ಕೆ ಮತ್ತೆ ಬರುತ್ತೇನೆ.

ಬಿಡಿಭಾಗಗಳ ತಯಾರಕರು 1963ರಲ್ಲಿಯೇ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ಅದರ ಮಾನದಂಡಗಳ ಕೆಲಸವನ್ನು 1978ರಲ್ಲಿ ಬೇರೆಯಾದ ಒಂದು ಸಂಸ್ಥೆಗೆ ವಹಿಸಲಾಯಿತು. ಎಸ್.ಎಫ್.ಐ. ಎಂಬುದು ಆ ಸಂಸ್ಥೆಯ ಹೆಸರು. ಒಂದೊಂದು ಬಗೆಯ ಭಾಗಕ್ಕೂ ಒಂದೊಂದು ಅಂಕಿ: ಫ್ಲೈವೀಲು ಮತ್ತು ಕ್ಲಚ್ಚಿಗೆ 1.1, ಸಿಡಿದ ಚೂರುಗಳನ್ನು ತಡೆದು ಹಿಡಿಯುವ ಕವಚಕ್ಕೆ 6.1, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಹೊದಿಕೆಗೆ 4.1, ಹೀಗೆ. ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸುವ, ಕ್ಲಚ್ಚಿರುವ ಗಾಡಿಗೆ ಫ್ಲೈವೀಲೂ ಕವಚವೂ ಈ ಗುರುತಿನವೇ ಆಗಿರಬೇಕೆಂಬುದು ಎನ್.ಎಚ್.ಆರ್.ಎ.ಯ ನಿಯಮ. ನಮ್ಮ ಜೀಪು ಕಾಲು ಮೈಲಿಯನ್ನು ಎಷ್ಟು ಹೊತ್ತಿಗೆ ಮುಗಿಸುತ್ತದೆಂದು ನಾನು ಅಳೆದಿಲ್ಲ. ನಡುವೆ ಒಂದು ಸಲ ಕಾಫಿ ಕುಡಿಯಬಹುದು.

ಈ ಗುರುತನ್ನು ಓದುವ ಕ್ರಮವೂ ಒಂದಿದೆ. ಸಂಸ್ಥೆಯವರು ಪ್ರತಿಯೊಂದು ಭಾಗವನ್ನೂ ತಾವೇ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ. ತಯಾರಕನೇ ಗೊತ್ತಾದ ಪರೀಕ್ಷೆಗಳನ್ನು ಮಾಡಿಸಿ, ವರದಿ ಕೊಟ್ಟು, ತನ್ನ ಸರಕು ಮಾನದಂಡಕ್ಕೆ ಸರಿಯಾಗಿದೆಯೆಂದು ತಾನೇ ಘೋಷಿಸುತ್ತಾನೆ. ಸಂಸ್ಥೆ ಆಗಾಗ ಮಾದರಿಗಳನ್ನು ತೆಗೆದು ತಪಾಸಣೆ ನಡೆಸುತ್ತದೆ. ಇದು ಕಡಿಮೆಯೇನಲ್ಲ. ಆದರೆ ಇದು ಆಶೀರ್ವಾದವೂ ಅಲ್ಲ. ಗುರುತಿರುವ ಫ್ಲೈವೀಲಿಗೆ ಗುಜರಿಯಿಂದ ತಂದ ಪ್ರೆಷರ್ ಪ್ಲೇಟನ್ನು ಕಟ್ಟಿದರೆ ಸಿಡಿಯುವುದು ಪ್ರೆಷರ್ ಪ್ಲೇಟು. ಗುರುತಿರುವ ಗಾಲಿಯನ್ನು ಹಗುರ ಮಾಡಲೆಂದು ಲೇತಿಗೆ ಕೊಟ್ಟರೆ, ಕವಚಕ್ಕೆ ಒಂದು ಹೊಸ ತೂತು ಕೊರೆದರೆ, ಪರೀಕ್ಷೆಗೆ ಒಳಪಟ್ಟ ವಸ್ತುವೇ ಬೇರೆ, ನಿಮ್ಮ ಕೈಯಲ್ಲಿರುವುದೇ ಬೇರೆ. ಗಟ್ಟಿ ಕವಚವನ್ನು ತಂದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಸಾಲಾಗಿ ಕೂರಿಸದಿದ್ದರೂ ತೊಂದರೆಯೇ: ನಡುರೇಖೆ ಒಂದು ಇಂಚಿನ ಸಾವಿರದಲ್ಲಿ ಐದು ಭಾಗಕ್ಕಿಂತ ಹೆಚ್ಚು ಸರಿಯಬಾರದೆಂದು ಅಲ್ಲಿಯ ಕಸುಬುದಾರರು ಡಯಲ್ ಹಿಡಿದು ಅಳೆಯುತ್ತಾರೆ. ಇಲ್ಲವಾದರೆ ರಕ್ಷಣೆಗೆಂದು ಹಾಕಿದ ವಸ್ತುವೇ ಕ್ಲಚ್ಚನ್ನು ತಿನ್ನುತ್ತದೆ.

ಇಷ್ಟನ್ನು ಓದಿದ ಮೇಲೆ ಅಳಿಯನನ್ನು ಕೂರಿಸಿಕೊಂಡು ಕೇಳಿದೆ: "ನಮ್ಮ ಎಂಜಿನ್ನಿನ ಗರಿಷ್ಠ ಶಕ್ತಿ 75 ಕುದುರೆ, ಅದೂ 4000 ಸುತ್ತಿನಲ್ಲಿ. ನೀನು ಆ ಸುತ್ತನ್ನು ಎಂದಾದರೂ ಮುಟ್ಟಿಸಿದ್ದೀಯೇನೋ?" ಇಲ್ಲವೆಂದ. ಹಾಗಾದರೆ ಹತ್ತಾರು ಸಾವಿರ ಸುರಿದು ಸಿಡಿಯದ ಗಾಲಿಗೆ ಕವಚ ತೊಡಿಸಿ, ಮುರಿದ ಅಚ್ಚಿನ ಜಾಗಕ್ಕೆ ಮತ್ತೆ ಅದೇ ಬಗೆಯ ಅಚ್ಚನ್ನು ಹಾಕುವುದು ಯಾವ ನ್ಯಾಯ? ಮಾನದಂಡ ಎಂಬುದು ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ನಮ್ಮ ಪ್ರಶ್ನೆ ಬೇರೆಯಾಗಿದ್ದರೆ ಆ ಉತ್ತರ ಎಷ್ಟು ಸರಿಯಾಗಿದ್ದರೂ ನಮಗೆ ಉಪಯೋಗವಿಲ್ಲ. ನಮ್ಮ ಗಾಡಿಯಲ್ಲಿ ಅಪಾಯವಿರುವುದು ವೇಗದಲ್ಲಿ ಅಲ್ಲ, ತಿರುಚುವ ಬಲದಲ್ಲಿ. ಎಂಜಿನ್ನಿನಿಂದ ಹೊರಟ ಬಲ ಮೊದಲನೆಯ ಗೇರಿನಲ್ಲಿ 2.8 ಪಟ್ಟಾಗಿ, ಇಳಿಗೇರಿನ ಪೆಟ್ಟಿಗೆಯಲ್ಲಿ ಅದರ 2.46 ಪಟ್ಟಾಗಿ, ಹಿಂದಿನ ಕ್ರೌನಿನಲ್ಲಿ ಮತ್ತೆ ಅದರ 5.38 ಪಟ್ಟಾಗಿ, ಅಚ್ಚಿಗೆ ಬರುವ ಹೊತ್ತಿಗೆ ಮೊದಲಿನ 37 ಪಟ್ಟು ಆಗಿರುತ್ತದೆ. ಎಂಜಿನ್ನು ದೊಡ್ಡದು ಮಾಡಿದರೆ ಆ ಹೆಚ್ಚಳವೂ 37 ಪಟ್ಟು. ಅಳಿಯನಿಗೆ ಡೀಸೆಲ್ ಎಂಜಿನ್ನೊಂದನ್ನು ಕೂರಿಸುವ ಆಸೆಯೂ ಇತ್ತು. ಆ ಆಸೆ ಈ ಗುಣಾಕಾರವನ್ನು ಕೇಳಿದ ಮೇಲೆ ಸ್ವಲ್ಪ ಕುಗ್ಗಿತು.

ಪೂರ್ತಿಯಾಗಿ ಕುಗ್ಗಿಸಿದ್ದು ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕನು ಮೊದಲು ಸೂಚಿಸಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಲ್ಲಿ ಬಂದ ನಿಯಮಗಳ ಅನುಸಾರ ಬೇರೆಯೇ ನೋಂದಣಿ ಮಾಡಿಸಬಹುದು. ಅಲ್ಲಿಯೂ ಗಾಡಿ ಮೂಲರೂಪದಲ್ಲಿರಬೇಕೆಂಬ ಷರತ್ತಿದೆ. ಅಚ್ಚನ್ನು ಬದಲಿಸುವ ಮುನ್ನ ನಾವು ಸಾರಿಗೆ ಕಚೇರಿಗೆ ಹೋಗಿ ಕೇಳಿ, ಬರೆದುಕೊಟ್ಟು ಬಂದೆವು. ಕೇಳುವುದಕ್ಕೆ ಅರ್ಧ ದಿನ ಹಿಡಿಯಿತು. ಆ ಅರ್ಧ ದಿನವನ್ನು ಉಳಿಸಲು ಹೋಗಬೇಡಿರೆಂದು ಹವ್ಯಾಸಿಗಳಿಗೆ ಹೇಳುತ್ತೇನೆ.

ಈಗ ಅಚ್ಚಿಗೆ ಬರೋಣ. ನಮ್ಮ ಎತ್ತಿನಗಾಡಿಯನ್ನು ನೆನೆಯಿರಿ. ಅಲ್ಲಿ ಅಚ್ಚು ತಿರುಗುವುದಿಲ್ಲ. ಅದು ಭಾರ ಹೊರುತ್ತದೆ, ಅಷ್ಟೆ. ಚಕ್ರ ಅದರ ಮೇಲೆ ತಿರುಗುತ್ತದೆ, ಹೊರಕ್ಕೆ ಜಾರದಂತೆ ತುದಿಯಲ್ಲಿ ಕಡಾಣಿ ಕಾಯುತ್ತದೆ. ಜನಪ್ರಿಯವಾದ ಒಂದು ಕಥೆಯಲ್ಲಿ ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಇಟ್ಟು ರಥವನ್ನು ನಿಲ್ಲಿಸಿದಳಂತೆ. ವರಗಳು ದೊರೆತದ್ದು ಅದಕ್ಕೆ. ರಾಮಾಯಣದ ಕಷ್ಟವೆಲ್ಲ ಒಂದು ಬಿಡಿಭಾಗದ ದೋಷದಿಂದ ಆರಂಭವಾಯಿತೆಂದು ತರಗತಿಯಲ್ಲಿ ನಾನು ತಮಾಷೆ ಮಾಡುತ್ತಿದ್ದೆ. ಮೋಟಾರಿನ ಅಚ್ಚಿಗೆ ಎರಡು ಕೆಲಸ ಬಂದವು: ಭಾರ ಹೊರುವುದು, ಚಕ್ರವನ್ನು ತಿರುಗಿಸುವುದು. ನಮ್ಮ ಜೀಪಿನಲ್ಲಿ ಎರಡನ್ನೂ ಒಂದೇ ಸರಳು ಮಾಡುತ್ತದೆ. ಅದು ಮುರಿದರೆ ತಿರುಗಿಸುವ ಶಕ್ತಿಯೂ ಹೋಯಿತು, ಹೊತ್ತು ನಿಲ್ಲಿಸುವ ಆಧಾರವೂ ಹೋಯಿತು. ಲಾರಿಗಳಲ್ಲಿ ಹಾಗಲ್ಲ. ಲಾರಿಯ ಹಿಂಚಕ್ರದ ನಡುವೆ ಬೋಲ್ಟುಗಳ ಒಂದು ಸುತ್ತು ಹೊರಗೆ ಉಬ್ಬಿರುವುದನ್ನು ನೀವು ನೋಡಿರಬಹುದು. ಅಲ್ಲಿ ಚಕ್ರವನ್ನು ಹೊರುವುದು ಹೊರಗಿನ ಕೊಳವೆ, ಎರಡು ಬೇರಿಂಗುಗಳ ಮೇಲೆ. ಒಳಗಿನ ಸರಳು ತಿರುಗಿಸುವ ಕೆಲಸವನ್ನು ಮಾತ್ರ ಮಾಡುತ್ತದೆ. ಆ ಬೋಲ್ಟುಗಳನ್ನು ಬಿಚ್ಚಿ ಸರಳನ್ನು ಹೊರಗೆಳೆದರೂ ಚಕ್ರ ಅಲ್ಲಿಯೇ ನಿಂತಿರುತ್ತದೆ, ಬ್ರೇಕೂ ಇರುತ್ತದೆ. ಫುಲ್ ಫ್ಲೋಟಿಂಗ್ ಎಂದು ಅದರ ಹೆಸರು. ಗುಣದಲ್ಲಿ ಅದು ಎತ್ತಿನಗಾಡಿಯ ಅಚ್ಚೇ. ಯುದ್ಧಕಾಲದ ಜೀಪುಗಳಲ್ಲಿ ಈ ಬಗೆಯೇ ಇತ್ತು. ಯುದ್ಧಾನಂತರದ ಮಾದರಿಗಳಲ್ಲಿ ಅದು ಹೋಗಿ ಈಗಿನದು ಬಂದಿತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊದಲಿನಂಥದೇ ಶಾಫ್ಟನ್ನು ನಂಬಿಕೆಯ ತಯಾರಕನಿಂದ ಕೊಳ್ಳುವುದು. ಅದೇ ಆಕಾರದ, ಆದರೆ ಉತ್ತಮ ಉಕ್ಕಿನ ಶಾಫ್ಟನ್ನು ಮಾಡಿಸುವುದು. ಫುಲ್ ಫ್ಲೋಟಿಂಗಿಗೆ ಬದಲಿಸುವುದು. ಎರಡನೆಯದರ ಬಗ್ಗೆ ಒಂದು ಎಚ್ಚರಿಕೆ. ಲೇತ್ ಅಂಗಡಿಗಳಲ್ಲಿ ಉಕ್ಕನ್ನು ಇಂಗ್ಲಿಷರ ಕಾಲದ ಇ.ಎನ್. ಅಂಕಿಗಳಿಂದ ಕರೆಯುತ್ತಾರೆ. ಇ.ಎನ್. 8 ಎಂದರೆ ಸಾಧಾರಣವಾದ ಇಂಗಾಲದ ಉಕ್ಕು; ಇ.ಎನ್. 24 ಎಂದರೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತದ್ದು. ಎರಡೂ ಬಣ್ಣದಲ್ಲಿ ಒಂದೇ, ಹೊಳಪಿನಲ್ಲಿ ಒಂದೇ. ಕಾಯಿಸಿ ತಣಿಸಿ ಹದ ಮಾಡದಿದ್ದರೆ ಇ.ಎನ್. 24 ಕೂಡ ಹೆಸರಿಗೆ ಮಾತ್ರ ಇ.ಎನ್. 24. ಲೇತಿನವನು ಅಡ್ಡಳತೆ ಬದಲಾಗುವ ಕಡೆ ಮೂಲೆಯನ್ನು ಚೂಪಾಗಿ ಬಿಟ್ಟರೆ, ಉಕ್ಕು ಎಷ್ಟೇ ಉತ್ತಮವಾಗಿದ್ದರೂ ಬಿರುಕಿಗೆ ಅಲ್ಲಿಯೇ ಬಾಗಿಲು. ಉಕ್ಕಿನ ಪರೀಕ್ಷಾಪತ್ರವನ್ನು ಕೇಳಿರಿ, ಹದ ಮಾಡಿದ ಗಡಸುತನದ ಅಂಕಿಯನ್ನು ಕೇಳಿರಿ, ಮೂಲೆಗಳ ಮೇಲೆ ಬೆರಳಾಡಿಸಿ ನೋಡಿರಿ. ಕೇಳಿದರೆ ನಕ್ಕುಬಿಡುವ ಅಂಗಡಿಯಿಂದ ಎದ್ದು ಬನ್ನಿರಿ.

ನಾವು ಮೂರನೆಯ ದಾರಿಯನ್ನು ಹಿಡಿದೆವು. ಖರ್ಚು ಮೊದಲನೆಯದರ ಹಲವು ಪಟ್ಟು ಆಯಿತು. ಆದರೂ ಹಿಡಿದುದಕ್ಕೆ ಕಾರಣ ಗಾರ್ಲಿಟ್ಸ್‌ನ ಯೋಚನೆಯೇ. ಉತ್ತಮವಾದ ಶಾಫ್ಟು ಮುರಿಯುವುದನ್ನು ಮುಂದೂಡುತ್ತದೆ. ಈ ಏರ್ಪಾಡಿನಲ್ಲಿ ಶಾಫ್ಟು ಮುರಿದರೆ ಗಾಡಿ ನಿಲ್ಲುತ್ತದೆ, ಮಗು ಹಿಂದಿನ ಸೀಟಿನಲ್ಲಿಯೇ ಇರುತ್ತದೆ. ಗಾಡಿಯ ಯಾವ ಭಾಗ ಮುರಿದರೆ ಏನಾಗುತ್ತದೆ ಎಂದು ಒಂದು ಕಾಗದದಲ್ಲಿ ಬರೆಯಲು ಅಳಿಯನಿಗೆ ಹೇಳಿದೆ. ಕ್ಲಚ್ ಪ್ಲೇಟು ಮುರಿದರೆ ಗಾಡಿ ನಿಲ್ಲುತ್ತದೆ. ಗೇರಿನ ಹಲ್ಲು ಮುರಿದರೆ ಬಹುಮಟ್ಟಿಗೆ ಗಾಡಿ ನಿಲ್ಲುತ್ತದೆ. ಪ್ರೊಪೆಲರ್ ಶಾಫ್ಟಿನ ಮುಂದಿನ ಕ್ರಾಸು ಮುರಿದರೆ ಶಾಫ್ಟಿನ ತುದಿ ನೆಲಕ್ಕೆ ಬಿದ್ದು, ರಸ್ತೆಯ ಗುಂಡಿಗೆ ಸಿಕ್ಕಿ, ಕೋಲೂರಿ ಹಾರಿದಂತೆ ಗಾಡಿಯನ್ನು ಎತ್ತಿ ಒಗೆಯಬಹುದು. ಹ್ಯಾಂಡ್‌ಬ್ರೇಕೂ ಆ ಶಾಫ್ಟಿನೊಡನೆಯೇ ಹೋಗುತ್ತದೆ. ಅಮೆರಿಕದ ನಿಯಮದಲ್ಲಿ ಇದಕ್ಕೊಂದು ಸರಳವಾದ ಉಪಾಯವಿದೆ: ಮುಂದಿನ ಕ್ರಾಸಿನಿಂದ ಆರು ಇಂಚಿನೊಳಗೆ, ಎರಡು ಇಂಚು ಅಗಲ, ಕಾಲು ಇಂಚು ದಪ್ಪದ ಉಕ್ಕಿನ ಪಟ್ಟಿಯ ಬಳೆಯೊಂದನ್ನು ಶಾಫ್ಟಿನ ಸುತ್ತ ಕಟ್ಟುವುದು. ಮುರಿದ ಶಾಫ್ಟು ಆ ಬಳೆಯಲ್ಲಿ ತೂಗಿಕೊಂಡಿರುತ್ತದೆ. ನಮ್ಮೂರಿನ ವೆಲ್ಡಿಂಗಿನವನು ಅದನ್ನು ಅರ್ಧ ದಿನದಲ್ಲಿ ಮಾಡಿಕೊಟ್ಟ. ಬ್ರೇಕಿಗೂ ಎರಡು ಬೇರೆ ಬೇರೆ ಎಣ್ಣೆಯ ದಾರಿಗಳ ಸಿಲಿಂಡರನ್ನು ಹಾಕಿಸಿದೆವು; ಮುಂದಿನದು ಸೋರಿದರೆ ಹಿಂದಿನದು ಉಳಿಯುತ್ತದೆ. ಚಾಚಿಕೊಂಡಿದ್ದ ರಿಮ್ಮುಗಳನ್ನು ತೆಗೆದು ಮೊದಲಿನವನ್ನೇ ಹಾಕಿದೆವು. ಅಳಿಯನಿಗೆ ಇದೊಂದೇ ದುಃಖ.

ಬೋಲ್ಟುಗಳ ವಿಷಯ ಹೇಳದೆ ಮುಗಿಸಲಾರೆ, ಏಕೆಂದರೆ ಓದು ಬಲ್ಲವನಿಗೆ ಅದರಷ್ಟು ಸುಲಭವಾದ ಲಿಪಿ ಇನ್ನೊಂದಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಎಂದೋ 10.9 ಎಂದೋ ಉಬ್ಬಕ್ಷರವಿರುತ್ತದೆ. ಚುಕ್ಕೆಯ ಹಿಂದಿನ ಅಂಕಿಯನ್ನು ನೂರರಿಂದ ಗುಣಿಸಿದರೆ ಅದು ತುಂಡಾಗುವ ಎಳೆತ, ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ. ಚುಕ್ಕೆಯ ಮುಂದಿನದು, ಅದರ ಹತ್ತರಲ್ಲಿ ಎಷ್ಟು ಭಾಗಕ್ಕೆ ಅದು ಮರಳಿ ಬಾರದಂತೆ ಹಿಗ್ಗಲು ತೊಡಗುತ್ತದೆ ಎಂಬುದು. ಹಳೆಯ ಅಮೆರಿಕದ ಬೋಲ್ಟುಗಳಲ್ಲಿ ಅಂಕಿಗೆ ಬದಲು ಗೆರೆಗಳು: ಮೂರು ಗೆರೆಯೆಂದರೆ ಐದನೆಯ ದರ್ಜೆ, ಆರು ಗೆರೆಯೆಂದರೆ ಎಂಟನೆಯದು. ತಲೆ ಬೋಳಾಗಿದ್ದರೆ ಅದರ ಯೋಗ್ಯತೆ ಯಾರಿಗೂ ಗೊತ್ತಿಲ್ಲವೆಂದು ತಿಳಿಯಬೇಕು. ಹಾಗೆಂದು ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಎಲ್ಲ ಕಡೆಯೂ 12.9ನ್ನೇ ಹಾಕುವವರಿದ್ದಾರೆ. ಅಷ್ಟು ಗಡಸಾದ ಬೋಲ್ಟಿಗೆ ಚೆಂದಕ್ಕೆಂದು ವಿದ್ಯುತ್ತಿನ ಮುಲಾಮು ಮಾಡಿಸಿದರೆ ಹೈಡ್ರೋಜನ್ ಒಳಸೇರಿ, ಬಿಗಿದು ನಿಲ್ಲಿಸಿದ ಕೆಲವು ದಿನಗಳ ಮೇಲೆ ಯಾರೂ ಮುಟ್ಟದಿರುವಾಗಲೇ ತಲೆ ಕಡಿದು ಬೀಳುವುದುಂಟು. ತಯಾರಕನು ಹೇಳಿದ ದರ್ಜೆ, ಅವನು ಹೇಳಿದ ಬಿಗಿತ, ಅದನ್ನು ಅಳೆಯುವ ಪಾನಾ, ಇವು ಸಾಕು.

ಹಳೆಯ ಭಾಗಗಳನ್ನು ಮತ್ತೆ ಹಾಕುವ ಮುನ್ನ ಬಿರುಕು ನೋಡಿಸಿದೆವು. ಭಾಗವನ್ನು ಚೆನ್ನಾಗಿ ತೊಳೆದು ಒಂದು ಕೆಂಪು ಬಣ್ಣವನ್ನು ಬಳಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಬಿಳಿಯ ಪುಡಿಯನ್ನು ಚಿಮುಕಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಲಗಡೆಯ ಶಾಫ್ಟು, ಅಂದು ಮುರಿಯದೆ ಉಳಿದದ್ದು, ನೋಡುವುದಕ್ಕೆ ಏನೂ ದೋಷವಿಲ್ಲದಂತಿತ್ತು. ಬಿಳಿಯ ಪುಡಿ ಬಿದ್ದ ಎರಡು ನಿಮಿಷದಲ್ಲಿ, ಕೀ ಕೂರುವ ಗಾಡಿಯ ಮೂಲೆಯಿಂದ, ಉಗುರಿನ ಉದ್ದದ ಒಂದು ಕೆಂಪು ಗೆರೆ ಎದ್ದು ಬಂದಿತು. ಮೇಸ್ತ್ರಿ ಏನೂ ಮಾತನಾಡದೆ ಅದನ್ನು ನನ್ನ ಕೈಗೆ ಕೊಟ್ಟರು.

ಮೊನ್ನೆ ಭಾನುವಾರ ಕೆಲಸ ಮುಗಿಯಿತು. ಅಂಗಳದಲ್ಲಿ ಅಳಿಯ ಎಡಗಡೆಯ ಆರು ಬೋಲ್ಟುಗಳನ್ನು ಬಿಚ್ಚಿ ಶಾಫ್ಟನ್ನು ಪೂರ್ತಿ ಹೊರಗೆಳೆದು ಗೋಡೆಗೆ ಒರಗಿಸಿಟ್ಟ. ನಾವು ಮೂವರು ಜೀಪನ್ನು ಕೈಯಿಂದ ತಳ್ಳಿದೆವು. ಚಕ್ರ ತನ್ನ ಜಾಗದಲ್ಲಿಯೇ ತಿರುಗಿತು. ಬ್ರೇಕು ತುಳಿದರೆ ನಿಂತಿತು. ಮೊಮ್ಮಗಳು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ನೋಡಿದಳು. ಹಿಂದಿನ ಸೀಟಿನಲ್ಲಿ ಕೂರಲು ಇನ್ನೂ ಒಪ್ಪಿಲ್ಲ.